ಉತ್ತರ ಮೊದಲೇ ಗೊತ್ತಿದ್ರೆ ಅದು ಪ್ರಯೋಗವಾ?

ಇವತ್ತು ಹೈಸ್ಕೂಲ್ ಬಯಾಲಜಿಯ ಒಂದು ಪ್ರಯೋಗದ ಬಗ್ಗೆ ಮಾತಾಡೋಣ. ನಾವೆಲ್ಲ ಊರಲ್ಲಿ ಮಾಡಿದ್ದು, ಈಗ ಇಲ್ಲಿ ಬೊರಿವಲಿಯಲ್ಲಿ ನಮ್ಮ ಮಕ್ಕಳು ಮಾಡ್ತಿರೋದು.

ಕುಂಡದ ಗಿಡವನ್ನು ಎರಡು ದಿನ ಕತ್ತಲಲ್ಲಿ ಇಡ್ತಾರೆ. ಎಲೆಯಲ್ಲಿದ್ದ ಪಿಷ್ಟ ಖರ್ಚಾಗುತ್ತೆ. ಆಮೇಲೆ ಎಲೆಯ ಸ್ವಲ್ಪ ಭಾಗಕ್ಕೆ ಎರಡೂ ಕಡೆ ಕಪ್ಪು ಕಾಗದ ಕ್ಲಿಪ್ ಮಾಡಿ ಬಿಸಿಲಿಗೆ ಇಡ್ತಾರೆ. ಸಂಜೆ ಎಲೆ ಕಿತ್ತು, ಸ್ಪಿರಿಟ್‌ನಲ್ಲಿ ಹಸಿರು ತೆಗೆದು, ಅಯೋಡಿನ್ ಹಾಕಿದ್ರೆ ತೆರೆದ ಭಾಗ ಕಡುನೀಲಿಯಾಗುತ್ತೆ, ಮುಚ್ಚಿದ ಭಾಗ ಆಗಲ್ಲ. ತೀರ್ಮಾನ: ಪಿಷ್ಟ ತಯಾರಾಗೋಕೆ ಬೆಳಕು ಬೇಕು.

ಈ ತೀರ್ಮಾನ ಎಲೆ ಕೀಳೋಕೆ ಮುಂಚೆಯೇ ರೆಕಾರ್ಡ್ ಪುಸ್ತಕದಲ್ಲಿ ಇರುತ್ತೆ. ಬಣ್ಣ ಸರಿಯಾಗಿ ಬರದಿದ್ರೆ ಪಕ್ಕದವರ ಪುಸ್ತಕ ನೋಡಿ ಬರೆದ್ರಾಯ್ತು!

ಈಗ ಒಂದು ಮಗು ಎದ್ದು ಕೇಳುತ್ತೆ ಅಂದ್ಕೊಳ್ಳಿ: “ಕಾಗದ ಬೆಳಕಿನ ಜೊತೆ ಗಾಳಿಯನ್ನೂ ತಡೀತಲ್ವಾ? ಕಾರಣ ಗಾಳಿ ಇರಬಾರದಾ?” ಇದು ತಲೆಹರಟೆ ಅಲ್ಲ. ಎಲೆಯ ಉಸಿರಾಟದ ರಂಧ್ರಗಳು ಮುಚ್ಚಿದ್ರೆ ಕಾರ್ಬನ್ ಡೈಆಕ್ಸೈಡ್ ಒಳಗೆ ಹೋಗೋದು ಹೇಗೆ?

ನಮ್ಮ ಕೆಲಸದಲ್ಲಿ ಒಂದೇ ಸಲ ಎರಡು ಬದಲಾವಣೆ ಮಾಡಿ, ಬಗ್ ಹೋಯ್ತು ಅಂದ್ರೆ, ಯಾವುದರಿಂದ ಹೋಯ್ತು ಅಂತ ಲೀಡ್ ಕೇಳೇ ಕೇಳ್ತಾರೆ. ಕಪ್ಪು ಕಾಗದವೂ ಅಂಥದ್ದೇ. ಪರಿಹಾರ ಸುಲಭ: ಅದೇ ಗಿಡದ ಇನ್ನೊಂದು ಎಲೆಗೆ ಅದೇ ಅಳತೆಯ ಪಾರದರ್ಶಕ ಪ್ಲಾಸ್ಟಿಕ್ ಕ್ಲಿಪ್ ಮಾಡಿ. ಅದೂ ಗಾಳಿ ತಡೆಯುತ್ತೆ, ಆದ್ರೆ ಬೆಳಕು ಬಿಡುತ್ತೆ. ಅದರಡಿ ಕಡುನೀಲಿ ಬಂದ್ರೆ, ಕಾರಣ ಬೆಳಕು ಅಂತ ಧೈರ್ಯವಾಗಿ ಹೇಳಬಹುದು. ಬರದಿದ್ರೆ? ಆಗ ಪಾಠ ನಿಜವಾಗಿ ಶುರು. ಸ್ಪಿರಿಟ್ ಕಾಯಿಸೋ ಕೆಲಸ ಮಾತ್ರ ಶಾಲೆಯ ಲ್ಯಾಬ್‌ನಲ್ಲೇ, ಟೀಚರ್ ಎದುರಲ್ಲೇ ಆಗಲಿ.

ಲ್ಯಾಬ್ ಬೇಡದ ಪ್ರಶ್ನೆಗಳೂ ಇವೆ. ನಮ್ಮ ಪಕ್ಕದಲ್ಲೇ ಸುಮಾರು 104 ಚದರ ಕಿಲೋಮೀಟರ್‌ನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಇದೆ. ಅಲ್ಲಿಯ ಕಾರ್ವಿ ಗಿಡ ನಮ್ಮ ಕುರಿಂಜಿಯ ಬಳಗದ್ದು. ಎಂಟು ವರ್ಷಕ್ಕೊಮ್ಮೆ ಹೂ ಬಿಡುತ್ತೆ, ಬೀಜ ಬಿಟ್ಟು ಸಾಯುತ್ತೆ. 2016ರಲ್ಲಿ ಬಿಟ್ಟಿತ್ತು, 2024ರಲ್ಲಿ ಬಿಡ್ತು. ಎಂಟೇ ವರ್ಷ ಯಾಕೆ? ಇದು ಒಂಬತ್ತನೇ ಕ್ಲಾಸ್‌ಗೆ ದೊಡ್ಡ ಪ್ರಶ್ನೆ. ಚಿಕ್ಕದು ಮಾಡೋಣ: ಬಿಸಿಲಲ್ಲಿರೋ ಎಳೆ ಕಾರ್ವಿ ನೆರಳಲ್ಲಿರೋದಕ್ಕಿಂತ ಬೇಗ ಬೆಳೆಯುತ್ತಾ? ದಾರಿ ಬದಿಯಲ್ಲಿ, ಕೀಳದೆ, ಎರಡೂ ಕಡೆ ಹತ್ತತ್ತು ಗಿಡ ಮಳೆಗಾಲದ ಮೊದಲು, ಆಮೇಲೆ ಅಳೆಯಲಿ. “ನೆರಳಲ್ಲಿ ಮಣ್ಣಿನ ತೇವವೂ ಬೇರೆ ಅಲ್ವಾ?” ಅಂತ ಮಗುವೇ ಕೇಳಿದ್ರೆ, ಪ್ಲಾಸ್ಟಿಕ್ ಪಟ್ಟಿಯ ಪಾಠ ತಲೆಗೆ ಹೋಗಿದೆ ಅಂತ ಅರ್ಥ.

ಅಂಥ ಪ್ರಶ್ನೆಗೆ ನಾವು ತಕ್ಷಣ ಫೋನ್ ತೆಗೆದು ಉತ್ತರ ಓದಿಬಿಟ್ರೆ, ಮಗು ಮುಂದಿನ ಸಲ ನಮ್ಮನ್ನಲ್ಲ, ಫೋನನ್ನೇ ಕೇಳುತ್ತೆ. ಅದರ ಬದಲು “ಅದನ್ನ ಪತ್ತೆ ಮಾಡೋದು ಹೇಗೆ?” ಅಂತ ಕೇಳಿ, ಸ್ವಲ್ಪ ಕಾಯಿರಿ. 2024ರಲ್ಲಿ ಒಂದನೇ ಕ್ಲಾಸ್‌ನಲ್ಲಿದ್ದ ಮಗು, ಮುಂದಿನ ಕಾರ್ವಿ ಹೂವಿನ ಹೊತ್ತಿಗೆ, 2032ಕ್ಕೆ, ಒಂಬತ್ತನೇ ಕ್ಲಾಸ್‌ನಲ್ಲಿರುತ್ತೆ. ಅಷ್ಟರಲ್ಲಿ ಅದರ ಹತ್ತಿರ ತನ್ನದೇ ಕೈಬರಹದ ಒಂದು ನೋಟ್‌ಬುಕ್ ಇರಲಿ.