ಹಗುರ ಮೈಯ ಅಂಬಿಗರು

(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಮುಂಜಾನೆ ಕೊಟ್ಟೂರುಪುರದ ಕಡೆ ಹೋಗುವಾಗ ಅಡ್ಯಾರು ನದಿಯ ಮೇಲೆ ನೀಳವಾದ, ತೆಳ್ಳನೆಯ ದೋಣಿಗಳು ಸಾಗುವುದನ್ನು ನಮ್ಮಲ್ಲಿ ಹಲವರು ಕಂಡಿರಬಹುದು. 1867ರಲ್ಲಿ ಹುಟ್ಟಿದ ಮದ್ರಾಸ್ ಬೋಟ್ ಕ್ಲಬ್ಬಿನ ನೆಲೆ ಅದು. ನಾವಾದರೋ ನೀರಿನ ವಾಸನೆಗೆ ಮೂಗು ಮುಚ್ಚಿಕೊಂಡು ಬೇಗನೆ ದಾಟಿಬಿಡುತ್ತೇವೆ. ಅಂಬಿಗರ ಚೌಡಯ್ಯನನ್ನು ನೆನೆಯುವ ನಾಡಿನವರು ಹುಟ್ಟು ಹಾಕುವವರನ್ನು ಹೀಗೆ ಕಡೆಗಣಿಸಬಾರದೆಂದು ಇಬ್ಬರ ಮಾತನ್ನು ಇಂದು ಎತ್ತಿಕೊಂಡಿದ್ದೇವೆ.

ಅವರು ಅರ್ಜುನ್ ಲಾಲ್ ಜಾಟ್ ಮತ್ತು ಅರವಿಂದ್ ಸಿಂಗ್. ಕನ್ನಡಿಗರಲ್ಲ, ಒಬ್ಬರು ರಾಜಸ್ಥಾನದವರು, ಇನ್ನೊಬ್ಬರು ಉತ್ತರ ಪ್ರದೇಶದವರು. ಸೈನ್ಯಕ್ಕೆ ಸೇರಿದ ಮೇಲೆ ಹುಟ್ಟು ಹಿಡಿದವರು. ನಮ್ಮ ದೇಶದಲ್ಲಿ ಈ ಆಟವನ್ನು ಸಾಕಿದ್ದೇ ಹೆಚ್ಚಾಗಿ ಸೈನ್ಯ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಸ್ಯಾಪರ್ಸ್ ದಳದವರು ಹುಟ್ಟು ಹಾಕುತ್ತಾರೆ. ಅವರ ಹೆಸರು ಮದ್ರಾಸಿನದು, ಬಿಡಾರ ಬೆಂಗಳೂರಿನದು. ನಮ್ಮದು ಅದರ ತಿರುಗುಮುರುಗು!

ದೋಣಿಯ ಪಂದ್ಯದಲ್ಲಿ ಎತ್ತರದ, ಭಾರದ ಆಳಿಗೇ ಮೇಲುಗೈ. ಸಣ್ಣ ಮೈಯವರಿಗೂ ಎಡೆ ಇರಲೆಂದು 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಹಗುರ ತೂಕದ ಸ್ಪರ್ಧೆಗಳನ್ನು ತಂದರು. ಗಂಡಸರಲ್ಲಿ ಯಾರೂ 72.5 ಕಿಲೋ ಮೀರಕೂಡದು. ಇಬ್ಬರ ಸರಾಸರಿ 70 ದಾಟಕೂಡದು. ಪಂದ್ಯಕ್ಕೆ ಒಂದೆರಡು ಗಂಟೆ ಮೊದಲು ತೂಗುತ್ತಾರೆ. ಒಬ್ಬನು ಅರ್ಧ ಕಿಲೋ ಹೆಚ್ಚಾದರೆ ಜೊತೆಗಾರನು ಅಷ್ಟನ್ನು ಇಳಿಸಬೇಕು. ಗಂಡ ಹೆಂಡಿರಲ್ಲೂ ಇಂಥ ಹೊಂದಾಣಿಕೆ ಅಪರೂಪ. ಹೀಗೆ ಹೊಟ್ಟೆ ಕಟ್ಟಿದವರು ಆಮೇಲೆ 2000 ಮೀಟರು ಉಸಿರು ಬಿಗಿಹಿಡಿದು ದುಡಿಯಬೇಕು, ಅದೂ ಗುರಿಗೆ ಬೆನ್ನು ಹಾಕಿ ಕುಳಿತು.

ಹೈದರಾಬಾದಿನ ಇಸ್ಮಾಯಿಲ್ ಬೇಗ್ ಇವರ ಗುರುಗಳು. 2021ರ ಮೇ ತಿಂಗಳಲ್ಲಿ ಟೋಕಿಯೋದಲ್ಲಿ ನಡೆದ ಅರ್ಹತಾ ಪಂದ್ಯದಲ್ಲಿ ಇವರು ಎರಡನೆಯವರಾದರು. ಅದೇ ಜುಲೈಯಲ್ಲಿ, ಒಂದು ವರ್ಷ ಮುಂದಕ್ಕೆ ಹೋಗಿದ್ದ ಒಲಿಂಪಿಕ್ಸಿನಲ್ಲಿ, ಮೊದಲ ಸುತ್ತಿನಲ್ಲಿ ಐದನೆಯ ಸ್ಥಾನ. ಮರು ಅವಕಾಶದಲ್ಲಿ ಮೂರನೆಯವರಾಗಿ ಉಪಾಂತ್ಯ ಮುಟ್ಟಿದರು. ಕೊನೆಗೆ ಹನ್ನೊಂದನೆಯ ಸ್ಥಾನ. ಪದಕವಿಲ್ಲವೆಂದು ಪತ್ರಿಕೆಗಳ ಮೂಲೆಯಲ್ಲಿ ನಾಲ್ಕು ಸಾಲು ಬಂದಿದ್ದರೆ ಹೆಚ್ಚು. ಆದರೆ ಒಲಿಂಪಿಕ್ ದೋಣಿ ಪಂದ್ಯದಲ್ಲಿ ಭಾರತಕ್ಕೆ ಅದಕ್ಕಿಂತ ಮೇಲಿನ ಸ್ಥಾನ ಅದುವರೆಗೆ ಬಂದಿರಲಿಲ್ಲ. 2016ರಲ್ಲಿ ದತ್ತು ಭೋಕನಾಳ್ ಪಡೆದ ಹದಿಮೂರನೆಯದೇ ಹಿರಿದಾಗಿತ್ತು. 2023ರಲ್ಲಿ ಚೀನದ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಇದೇ ಜೋಡಿ ಬೆಳ್ಳಿ ಗೆದ್ದಿತು.

ಪ್ಯಾರಿಸ್ಸಿಗೆ ಇವರು ಹೋಗಲಾಗಲಿಲ್ಲ. 2024ರಲ್ಲಿ ಅಲ್ಲಿ ಹುಟ್ಟು ಹಿಡಿದ ಭಾರತೀಯ ಬಲರಾಜ್ ಪನ್ವರ್ ಒಬ್ಬರೇ. ಆ ಪ್ಯಾರಿಸ್ಸಿನೊಂದಿಗೆ ಹಗುರ ತೂಕದ ಸ್ಪರ್ಧೆಯೂ ಒಲಿಂಪಿಕ್ಸಿನಿಂದ ಎದ್ದುಹೋಯಿತು. 1996ರಲ್ಲಿ ತೆರೆದ ಬಾಗಿಲು ಇಪ್ಪತ್ತೆಂಟು ವರ್ಷಕ್ಕೆ ಮುಚ್ಚಿತು. ನಮಗೆ ಇದು ಸರಿ ಕಾಣುವುದಿಲ್ಲ. ಕುಸ್ತಿಗೆ ತೂಕದ ವರ್ಗ ಬೇಕು, ದೋಣಿಗೆ ಬೇಡವೆಂದರೆ ಹೇಗೆ?

2028ರ ಲಾಸ್ ಏಂಜಲಿಸ್ಸಿಗೆ ಗೊತ್ತಾಗಿರುವ ಹೊಸ ಪಂದ್ಯ ಸಮುದ್ರ ತೀರದ್ದು: ಮರಳಿನ ಮೇಲೆ ಓಡಿ ದೋಣಿ ಹತ್ತಿ, ಅಲೆ ಸೀಳಿ ಹೋಗಿ ಮರಳಿ ಬಂದು, ಮತ್ತೆ ಮರಳಿನ ಮೇಲೆ ಓಡುವುದು. ಅಲ್ಲಿ ಯಾರನ್ನೂ ತೂಗುವುದಿಲ್ಲ. ಈ ಸಂಜೆ ಮರೀನಾಕ್ಕೆ ಹೋಗುವವರು ಅಲೆಯನ್ನೊಮ್ಮೆ ನೋಡಿ, ಆ ದೋಣಿಗೆ ಎಂಥ ಮೈಯವನು ಬೇಕಾದೀತೆಂದು ನೀವೇ ಅಳೆಯಿರಿ.