ರಕ್ತ ಬಂದವರೇ ಸೋತವರಾ?

ಬಸ್ಸಲ್ಲೋ, ಹಾಸ್ಟೆಲ್ ರೂಮಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ಎಲ್ಲರಿಗೂ ಇವತ್ತು ಒಂದೇ ಪ್ರಶ್ನೆ. ಇಬ್ಬರು ಹೊಡೆದಾಡಿದ ಮೇಲೆ ಗೆದ್ದವರು ಯಾರು ಅಂತ ತೀರ್ಮಾನ ಮಾಡೋದು ಹೇಗೆ?

ನಮ್ಮ ಸಾಲಿಗ್ರಾಮದ ಕಡೆಯವರಿಗೆ ಇದೊಂದು ಪ್ರಶ್ನೆಯೇ ಅಲ್ಲ. ದಸರಾ ಕುಸ್ತಿ ನೋಡಿ ಬೆಳೆದವರು ನಾವು. ನಾಡಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಮುಗೀತು. ಕೊನೇ ಸಾಲಲ್ಲಿ ಕೂತ ತಾತನಿಗೂ ಕಾಣುತ್ತೆ. ವಿಜಯದಶಮಿ ದಿನ ಮೈಸೂರು ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ನಡೆಯೋ ವಜ್ರಮುಷ್ಟಿ ಕಾಳಗ ಇನ್ನೂ ನೇರ. ತಲೆ ಬೋಳಿಸಿಕೊಂಡ ಜಟ್ಟಿಗಳು ಕೈಗೆ ವಜ್ರಮುಷ್ಟಿ ತೊಟ್ಟು ಇಳೀತಾರೆ. ಒಬ್ಬರ ತಲೆಯಿಂದ ರಕ್ತ ಬಂತು ಅಂದ್ರೆ ಕಾಳಗ ನಿಂತಿತು. ತೀರ್ಪು ಕೊಡೋದು ರಕ್ತವೇ.

ಬಾಕ್ಸಿಂಗ್‌ನಲ್ಲಿ ಹಾಗಲ್ಲ. ಮೂಗಲ್ಲಿ ರಕ್ತ ಸುರಿಸ್ಕೊಂಡೇ ಗೆದ್ದವರು ಬೇಕಾದಷ್ಟು ಜನ ಇದ್ದಾರೆ. ರಕ್ತಕ್ಕೆ ಅಂಕ ಇಲ್ಲ. ಮುಚ್ಚಿದ ಗ್ಲೌಸಿನ ಗೆಣ್ಣಿನ ಭಾಗ, ಎದುರಾಳಿಯ ಮುಖ, ತಲೆಯ ಪಕ್ಕ ಅಥವಾ ಬೆಲ್ಟಿನ ಮೇಲಿನ ಮೈಗೆ ತೂಕದ ಸಮೇತ ಬೀಳಬೇಕು. ಅದು ಏಟು. ಮಿಕ್ಕಿದ್ದು ಸದ್ದು.

1988ರ ಸೋಲ್ ಒಲಿಂಪಿಕ್ಸ್ ಫೈನಲ್ ನೋಡಿ. ಅಮೆರಿಕದ ರಾಯ್ ಜೋನ್ಸ್ 86 ಏಟು ಹಾಕಿದ್ದ, ಕೊರಿಯಾದ ಪಾರ್ಕ್ ಸಿ-ಹುನ್ 32. ತೀರ್ಪು ಮಾತ್ರ 3–2, ಪಾರ್ಕ್ ಕಡೆಗೆ! ಆಮೇಲೆ ಜಡ್ಜ್‌ಗಳ ಕೈಗೆ ಕಂಪ್ಯೂಟರ್ ಬಟನ್ ಕೊಟ್ಟರು. ಆಗ ಹುಡುಗರು ಬಟನ್ ಒತ್ತಿಸೋಕೆ ಅಂತಲೇ ಮುಟ್ಟಿ ಓಡೋ ಆಟ ಕಲಿತರು, ಹೊಟ್ಟೆಗೆ ಹೊಡೆದ ಒಳ್ಳೇ ಏಟು ಲೆಕ್ಕಕ್ಕೇ ಬರ್ತಿರಲಿಲ್ಲ. 2013ರಿಂದ ಹತ್ತು ಅಂಕದ ಪದ್ಧತಿ ಬಂತು: ರೌಂಡ್ ಗೆದ್ದವರಿಗೆ 10, ಸೋತವರಿಗೆ 9 ಅಥವಾ ಕಡಿಮೆ.

ಅದರ ಬಿಸಿ ನಮಗೆ ತಟ್ಟಿದ್ದು ಟೋಕಿಯೊದಲ್ಲಿ. 2021ರ ಜುಲೈ 29, ಮೇರಿ ಕೋಮ್ ಎದುರು ಕೊಲಂಬಿಯಾದ ಇಂಗ್ರಿತ್ ವಲೆನ್ಸಿಯಾ. ಮೊದಲ ರೌಂಡ್ ವಲೆನ್ಸಿಯಾಗೆ 4–1. ಎರಡನೇದು, ಮೂರನೇದು ಎರಡೂ ಮೇರಿಗೆ 3–2. ಮೂರರಲ್ಲಿ ಎರಡು ಗೆದ್ದೂ ಸೋತರು, ಇದು ಮೋಸ ಅಂತ ವಾಟ್ಸಾಪ್ ತುಂಬಾ ಗಲಾಟೆ.

ಲೆಕ್ಕ ಹಾಕಿ. ಐದು ಜಡ್ಜ್, ಮೂರು ರೌಂಡ್, ಒಟ್ಟು 15 ತೀರ್ಮಾನ. ವಲೆನ್ಸಿಯಾಗೆ ಎಂಟು, ಮೇರಿಗೆ ಏಳು. ಪ್ರತಿ ಜಡ್ಜ್ ತನ್ನ ಮೂರು ರೌಂಡನ್ನ ತಾನೇ ಕೂಡ್ತಾನೆ, ರೌಂಡಿಗೊಂದು ವೋಟ್ ಅಂತ ಇಲ್ಲ. ಹಾಗಾಗಿ ಕೊನೆಗೆ 3–2, ವಲೆನ್ಸಿಯಾ. ಹೊಟ್ಟೆ ಉರಿಯುತ್ತೆ, ನನಗೂ ಉರೀತು, ಆದ್ರೆ ಲೆಕ್ಕ ತಪ್ಪಿಲ್ಲ. ಮೇರಿ ಕಳಕೊಂಡಿದ್ದು ಆ ಮೊದಲ ಮೂರು ನಿಮಿಷದಲ್ಲಿ.

ನನ್ನ ಕೇಳಿದ್ರೆ, ಮುಂದೆ ನುಗ್ಗಿದವನಿಗೆ ಸುಮ್ಮನೆ ಅಂಕ ಕೊಡೋ ಜಡ್ಜ್ ಮೇಲೆ ನನಗೆ ಸಿಟ್ಟು. ನುಗ್ಗಿ ನುಗ್ಗಿ ಏಟು ತಿನ್ನೋದು ಧೈರ್ಯ ಇರಬಹುದು, ಗೆಲುವಲ್ಲ. ಹಿಂದಕ್ಕೆ ಸರೀತಾ ಮೂರು ಸರಿಯಾದ ಏಟು ಹಾಕಿದವನು ಆ ರೌಂಡ್ ಗೆದ್ದ, ಅಷ್ಟೇ. ಗ್ಯಾಲರಿ ಯಾರ ಹೆಸರು ಕೂಗ್ತಿದೆ ಅನ್ನೋದಂತೂ ಬೇಡವೇ ಬೇಡ.

ಮುಂದಿನ ಸಲ ಮೊಬೈಲಲ್ಲಿ ಬಾಕ್ಸಿಂಗ್ ನೋಡುವಾಗ ಸೌಂಡ್ ಮ್ಯೂಟ್ ಮಾಡಿ. ಪ್ರತಿ ರೌಂಡ್ ಮುಗಿದ ತಕ್ಷಣ, ಸ್ಕೋರ್ ತೆರೆ ಮೇಲೆ ಬರೋ ಮುಂಚೆ, ನಿಮ್ಮ 10–9 ಬರೆದಿಟ್ಟುಕೊಳ್ಳಿ. ಆಮೇಲೆ ಆ ಐದು ಜನರ ಜೊತೆ ಜಗಳ ಮಾಡೋಣ.