ಒಂದೇ ಕಪಾಟು, ಒಂದೇ ಫೋನು



ಪುಕ್ಕಟೆ ಸಿಕ್ಕಿದ್ದನ್ನು ಬೇಡವೆನ್ನುವವರು ಯಾರು? 2015ರಲ್ಲಿ ಫೇಸ್‌ಬುಕ್ ಸಂಸ್ಥೆ ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆಗೂಡಿ ಬಡವರಿಗೆ ಉಚಿತ ಇಂಟರ್ನೆಟ್ ಕೊಡಲು ಹೊರಟಿತು. ಮುಂದೆ ಅದಕ್ಕೆ ‘ಫ್ರೀ ಬೇಸಿಕ್ಸ್’ ಎಂದು ಹೆಸರಾಯಿತು. ಆದರೆ ತೆರೆಯುತ್ತಿದ್ದುದು ಅದರಲ್ಲಿ ಸೇರಿದ ಕೆಲವೇ ತಾಣಗಳು. ಗ್ರಂಥಾಲಯದ ಒಂದೇ ಕಪಾಟು ತೆರೆದಿಟ್ಟು, ಉಳಿದವಕ್ಕೆ ಬೀಗ ಹಾಕಿದಂತೆ. ಉರ್ದು, ಕನ್ನಡ ಎರಡನ್ನೂ ಕಲಿಸುವ ನನಗೆ ಅನ್ನಿಸುವುದಿಷ್ಟು: ಆ ಕಪಾಟಿನಲ್ಲಿ ನಮ್ಮ ಭಾಷೆಗಳ ಸಣ್ಣಪುಟ್ಟ ತಾಣಗಳಿಗೆ ಜಾಗ ಕೊಡುವವರು ಯಾರು?

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ, ಅಂದರೆ ಟ್ರಾಯ್‌ಗೆ, ಲಕ್ಷಾಂತರ ಇ-ಮೇಲ್‌ಗಳು ಹೋದವು. 2016ರ ಫೆಬ್ರವರಿ 8ರಂದು ಟ್ರಾಯ್, ತಾಣಕ್ಕೊಂದು ದರ ಇಡುವುದನ್ನು ನಿಷೇಧಿಸಿತು. ತಪ್ಪಿದರೆ ದಿನಕ್ಕೆ 50 ಸಾವಿರ ರೂಪಾಯಿ ದಂಡ. ಕಂಪನಿಗಳ ತಾರತಮ್ಯಕ್ಕೆ ಹೀಗೆ ತಡೆ ಬಿತ್ತು. ನಾವೇ ಮಾಡುವ ತಾರತಮ್ಯಕ್ಕೆ?

ಕೇರಳದ ಪದವಿ ವಿದ್ಯಾರ್ಥಿನಿ ಫಹೀಮಾ ಶಿರಿನ್ ಹಾಸ್ಟೆಲಿನಲ್ಲಿ ಸಂಜೆ 6ರಿಂದ 10ರವರೆಗೆ, ಓದುವ ಹೊತ್ತಿನಲ್ಲೇ, ಮೊಬೈಲ್ ಬಳಸುವಂತಿರಲಿಲ್ಲ. ಒಪ್ಪದ ಅವಳನ್ನು ಹೊರಹಾಕಿದರು. 2019ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್, ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗವೆಂದು ಹೇಳಿ, ಅವಳನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು.

ಮರುವರ್ಷವೇ ಲಾಕ್‌ಡೌನ್ ಬಂತು; ಪಾಠವೆಲ್ಲ ಫೋನಿನಲ್ಲಿ. ಪಾಠಕ್ಕೆ ಬಾರದ ನನ್ನ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋದೆ. ಇದ್ದ ಒಂದೇ ಫೋನಿನಲ್ಲಿ ತಮ್ಮ ಆಟವಾಡುತ್ತಿದ್ದ, ಅವಳು ರೊಟ್ಟಿ ಮಾಡುತ್ತಿದ್ದಳು. “ಆಕಿಗ್ಯಾಕ ಫೋನು, ಮಾಸ್ತರ್ ಸಾಬ್?” ಎಂದರು ಮನೆಯವರು. ಉತ್ತರ ಹೊಳೆಯದೆ ಚಹಾ ಕುಡಿದು ಎದ್ದು ಬಂದೆ. ಶಾಲೆ ತೆರೆದಾಗ ಅವಳು ಬರಲಿಲ್ಲ. ಅಂಥ ಮನೆಗಳ ಹಿರಿಯರು ಇಂದು ಈ ಸಭೆಯಲ್ಲೂ ಕುಳಿತಿದ್ದೀರಿ, ಅದಕ್ಕೇ ಹೇಳಿದೆ.